ತಕ್ಕದ್ದು, ಬಹುದು, ಮೌನ: ಸಂವಿಧಾನವನ್ನು ಓದುವ ಒಂದು ಕ್ರಮ

ಕೆಲವು ವರ್ಷಗಳ ಹಿಂದೆ ಅಡಿಕೆ ತೋಟದ ಭೂಕಂದಾಯಕ್ಕೆ ಸಂಬಂಧಿಸಿದ ಒಂದು ಅರ್ಜಿಯನ್ನು ಕನ್ನಡದಲ್ಲಿ ಬರೆದು ಇಲ್ಲಿನ ಒಂದು ಸರಕಾರಿ ಕಚೇರಿಗೆ ಕೊಟ್ಟಿದ್ದೆ. ಮೂರು ವಾರ ಕಳೆದು ಉತ್ತರ ಬಂತು, ಅದು ಮಲಯಾಳದಲ್ಲಿತ್ತು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಪೇಟೆಯ ಮಲಯಾಳ ನನಗೆ ತಕ್ಕಮಟ್ಟಿಗೆ ಬರುತ್ತದೆ, ಆದರೆ ಕಚೇರಿಯ ಮಲಯಾಳ ಬೇರೆಯೇ ಒಂದು ಭಾಷೆ. ಪಕ್ಕದ ಮನೆಯ ಕಾಲೇಜು ಹುಡುಗಿಯಿಂದ ಅದನ್ನು ಓದಿಸಿಕೊಂಡು, ಸಂಜೆ ಸಂವಿಧಾನದ ಪುಸ್ತಕ ತೆರೆದು 350ನೆಯ ವಿಧಿಯನ್ನು ಹುಡುಕಿದೆ. ಯಾವುದೇ ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬ ವ್ಯಕ್ತಿಗೂ ಉಂಟು ಎಂದು ಆ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಉತ್ತರ ಯಾವ ಭಾಷೆಯಲ್ಲಿ ಬರಬೇಕು ಎಂಬ ಬಗ್ಗೆ ಮಾತ್ರ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ನನ್ನ ಹಕ್ಕನ್ನು ಯಾರೂ ಕಸಿದುಕೊಂಡಿರಲಿಲ್ಲ; ಆ ಹಕ್ಕು ಅರ್ಜಿಯನ್ನು ಟಪಾಲಿಗೆ ಹಾಕುವಲ್ಲಿಗೇ ಮುಗಿದಿತ್ತು.

ಸಂವಿಧಾನವನ್ನು ಹೊಗಳಿಕೆಯ ಗ್ರಂಥದಂತೆ ಓದುತ್ತಿದ್ದ ನಾನು ಅದನ್ನು ಜಾಗದ ದಸ್ತಾವೇಜಿನಂತೆ ಓದಲು ಶುರು ಮಾಡಿದ್ದು ಆ ಸಂಜೆಯಿಂದ. ದಸ್ತಾವೇಜನ್ನು ಕೈಗೆತ್ತಿಕೊಂಡವರು ಅದರ ಶೈಲಿಯನ್ನು ಮೆಚ್ಚಿಕೊಂಡು ಕೂರುವುದಿಲ್ಲ. ಚಕ್ಕುಬಂದಿ ಯಾವುದು, ಹಕ್ಕು ಯಾರದು, ದಾರಿ ಬಿಟ್ಟಿದ್ದಾರೆಯೇ, ಮುಂದೆ ತಕರಾರು ಬಂದರೆ ಯಾರ ಬಳಿ ಹೋಗಬೇಕು ಎಂದು ನೋಡುತ್ತಾರೆ. ಯಾವ ದೇಶದ ಸಂವಿಧಾನವನ್ನಾದರೂ ಅದೇ ಕಣ್ಣಿನಿಂದ ಓದಬಹುದು, ಹಾಗೆ ಓದಿದಾಗ ಅದು ತನ್ನ ಸರಕಾರವನ್ನೂ ಸಂಸ್ಥೆಗಳನ್ನೂ ಹೇಗೆ ರೂಪಿಸಿದೆ ಎಂಬುದು ಕಾಣುತ್ತದೆ. ಹಾಗೆ ಓದುವ ಬಗೆಯನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ.

ಮೊದಲು ಪಠ್ಯದ ವಿಷಯ. ಭಾರತದ ಸಂವಿಧಾನಕ್ಕೆ ಅಧಿಕೃತ ಕನ್ನಡ ಅನುವಾದವಿದೆ. ಅದನ್ನು ಓದಿಗೆ ಇಟ್ಟುಕೊಳ್ಳಿ, ಪಕ್ಕದಲ್ಲಿ ಇಂಗ್ಲಿಷ್ ಪಠ್ಯವೂ ಇರಲಿ, ಏಕೆಂದರೆ ಒಂದು ಪದದ ಮೇಲೆ ವಾದ ನಿಂತಾಗ ಅನುವಾದ ಸಾಲುವುದಿಲ್ಲ. ಪ್ರತಿ ಎಷ್ಟು ಹೊಸದು ಎಂದು ತಿಳಿಯಲು ಅದರಲ್ಲಿರುವ ಕೊನೆಯ ತಿದ್ದುಪಡಿಯನ್ನು ನೋಡಿ; ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳಾ ಮೀಸಲಾತಿಯನ್ನು ತಂದ 2023ರ 106ನೆಯ ತಿದ್ದುಪಡಿ ಅದರಲ್ಲಿ ಇಲ್ಲವಾದರೆ ಪುಸ್ತಕ ಹಳೆಯದು. ಬೇರೆ ದೇಶಗಳ ಸಂವಿಧಾನಗಳು ಇಂಗ್ಲಿಷ್‌ನಲ್ಲಿ ಅಂತರಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಎರಡು ಬಣ್ಣದ ಪೆನ್ಸಿಲ್ ಬೇಕು. ಪೀಠಿಕೆಯಿಂದ ಆರಂಭಿಸಬೇಡಿ, ಅದನ್ನು ಕೊನೆಗೆ ಓದಿದರೆ ಯಾವ ಮಾತು ಒಳಗಿನ ವಿಧಿಗಳಲ್ಲಿ ಉಳಿದುಕೊಂಡಿತು, ಯಾವುದು ಬಾಗಿಲಲ್ಲೇ ನಿಂತಿತು ಎಂದು ತಿಳಿಯುತ್ತದೆ.

ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ

ಕನ್ನಡದ ಶಾಸನಭಾಷೆಯಲ್ಲಿ ಕಡ್ಡಾಯವನ್ನು ಸೂಚಿಸುವ ರೂಪ ‘ತಕ್ಕದ್ದು’. ‘ಮಾಡತಕ್ಕದ್ದು’ ಎಂದಿದ್ದರೆ ಮಾಡದೆ ಗತ್ಯಂತರವಿಲ್ಲ. ‘ಮಾಡಬಹುದು’ ಎಂದಿದ್ದರೆ ಮಾಡುವುದೂ ಬಿಡುವುದೂ ಅಧಿಕಾರದಲ್ಲಿರುವವರ ವಿವೇಚನೆ. ಇವೆರಡರ ನಡುವೆ ‘ಪ್ರಯತ್ನಿಸತಕ್ಕದ್ದು’ ಎಂಬ ಮೂರನೆಯದೊಂದು ಇದೆ. ಅಲ್ಲಿ ಪ್ರಯತ್ನ ಕಡ್ಡಾಯ, ಫಲ ಕಡ್ಡಾಯವಲ್ಲ. ನ್ಯಾಯಾಲಯಗಳು ಕೆಲವೊಮ್ಮೆ ‘ಬಹುದು’ ಎಂಬುದನ್ನೇ ‘ತಕ್ಕದ್ದು’ ಎಂದು ಓದಿದ್ದುಂಟು, ಆದರೆ ಅದನ್ನು ನಂಬಿಕೊಂಡು ಓದಲು ಕೂರಬಾರದು. ಕಡ್ಡಾಯಕ್ಕೆ ಒಂದು ಬಣ್ಣ, ವಿವೇಚನೆಗೆ ಇನ್ನೊಂದು ಬಣ್ಣ ಹಾಕುತ್ತಾ ಹೋಗಿ; ಪ್ರಶ್ನೆ ಎದ್ದರೂ ಉತ್ತರವಿಲ್ಲದ ಕಡೆ ಅಂಚಿನಲ್ಲಿ ಒಂದು ಸೊನ್ನೆ ಬರೆಯಿರಿ.

ನಮ್ಮಂಥ ಗಡಿನಾಡಿನವರು ಅಭ್ಯಾಸಕ್ಕೆ 17ನೆಯ ಭಾಗವನ್ನು, ಅಂದರೆ ಭಾಷೆಯ ವಿಧಿಗಳನ್ನು ತೆಗೆದುಕೊಳ್ಳುವುದು ಒಳ್ಳೆಯದು. 347ನೆಯ ವಿಧಿಯ ಪ್ರಕಾರ, ರಾಜ್ಯವೊಂದರ ಜನಸಂಖ್ಯೆಯ ಗಣನೀಯ ಭಾಗವು ತಾನಾಡುವ ಭಾಷೆಗೆ ಮನ್ನಣೆ ಬಯಸುತ್ತದೆ ಎಂದು ಮನವರಿಕೆಯಾದರೆ ರಾಷ್ಟ್ರಪತಿಯವರು ಆ ಭಾಷೆಯನ್ನು ರಾಜ್ಯದಾದ್ಯಂತ ಅಥವಾ ಅದರ ಒಂದು ಭಾಗದಲ್ಲಿ ಅಧಿಕೃತವಾಗಿ ಮಾನ್ಯ ಮಾಡುವಂತೆ ನಿರ್ದೇಶಿಸಬಹುದು. ಇಲ್ಲಿರುವುದು ‘ಬಹುದು’. ‘ಗಣನೀಯ’ ಎಂದರೆ ಶೇಕಡಾ ಎಷ್ಟು ಎಂದು ವಿಧಿ ಹೇಳುವುದಿಲ್ಲವಾದ್ದರಿಂದ ಅಂಚಿನಲ್ಲಿ ಒಂದು ಸೊನ್ನೆಯೂ ಬೀಳುತ್ತದೆ. 1956ರ 7ನೆಯ ತಿದ್ದುಪಡಿಯಿಂದ ಬಂದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸುವುದು ಪ್ರತಿಯೊಂದು ರಾಜ್ಯದ ಮತ್ತು ಸ್ಥಳೀಯ ಪ್ರಾಧಿಕಾರದ ಪ್ರಯತ್ನವಾಗಿರತಕ್ಕದ್ದು ಎನ್ನುತ್ತದೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದಾಗ ನಮ್ಮ ಪೋಷಕರು ಶಾಲೆಯ ಬಾಗಿಲಲ್ಲಿ ನಿಂತು ಪ್ರತಿಭಟಿಸಬೇಕಾದದ್ದಕ್ಕೂ, ಆ ಪ್ರತಿಭಟನೆಗೆ ಪ್ರತಿ ಸಲವೂ ‘ಪ್ರಯತ್ನಿಸುತ್ತಿದ್ದೇವೆ’ ಎಂಬ ಉತ್ತರ ದೊರೆತದ್ದಕ್ಕೂ ಈ ಒಂದು ಪದದೊಂದಿಗೆ ಸಂಬಂಧವಿದೆ ಎಂದು ನನ್ನ ಅಭಿಪ್ರಾಯ.

ಪ್ರಯತ್ನದ ಮಾತು ಕಡ್ಡಾಯದ ಮಾತಾಗಿ ಬಡ್ತಿ ಪಡೆಯುವುದೂ ಉಂಟು. ಐರ್ಲೆಂಡಿನ 1937ರ ಸಂವಿಧಾನದ ಮಾದರಿಯಲ್ಲಿ ನಮ್ಮಲ್ಲಿಗೆ ಬಂದ ರಾಜ್ಯ ನಿರ್ದೇಶಕ ತತ್ವಗಳಲ್ಲಿ 45ನೆಯ ವಿಧಿಯೂ ಒಂದು. ಸಂವಿಧಾನ ಜಾರಿಗೆ ಬಂದ 10 ವರ್ಷಗಳ ಒಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದು ಎಂದು ಅದರ ಮೂಲ ಪಠ್ಯ ಹೇಳುತ್ತಿತ್ತು. ಗಡುವು 1960ಕ್ಕೆ ಮುಗಿಯಿತು. ಕೇಳುವವರಿರಲಿಲ್ಲ, ಏಕೆಂದರೆ ಈ ತತ್ವಗಳನ್ನು ಯಾವ ನ್ಯಾಯಾಲಯದ ಮೂಲಕವೂ ಜಾರಿ ಮಾಡಿಸುವಂತಿಲ್ಲ ಎಂದು 37ನೆಯ ವಿಧಿ ಮೊದಲೇ ಬೇಲಿ ಹಾಕಿತ್ತು. 2002ರ 86ನೆಯ ತಿದ್ದುಪಡಿಯು 21ಎ ವಿಧಿಯನ್ನು ಮೂಲಭೂತ ಹಕ್ಕುಗಳ ಸಾಲಿನಲ್ಲಿ ಸೇರಿಸಿ, 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ‘ಒದಗಿಸತಕ್ಕದ್ದು’ ಎಂದಿತು. ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಒಂದು ಕ್ರಿಯಾಪದ ಬದಲಾಗಲು ಐವತ್ತು ವರ್ಷ ಹೆಚ್ಚು ಹಿಡಿಯಿತು.

ನಿಮ್ಮ ಪಂಚಾಯತಿನ ಮೇಲೂ ಇದೇ ಪರೀಕ್ಷೆ ನಡೆಸಿ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯ 243ಇ ವಿಧಿಯ ಪ್ರಕಾರ ಪಂಚಾಯತಿನ ಅವಧಿ 5 ವರ್ಷ, ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳತಕ್ಕದ್ದು. ಆದರೆ ಆಯ್ಕೆಯಾದ ಪಂಚಾಯತಿಗೆ ಯಾವ ಅಧಿಕಾರ, ಎಷ್ಟು ಹೊಣೆ ಎಂಬುದನ್ನು ಹೇಳುವ 243ಜಿ ವಿಧಿಯಲ್ಲಿ, ರಾಜ್ಯದ ಶಾಸಕಾಂಗವು ಕಾನೂನಿನ ಮೂಲಕ ವಹಿಸಿಕೊಡಬಹುದು ಎಂದಷ್ಟೇ ಇದೆ. ಹೀಗಾಗಿ ದೇಶದಾದ್ಯಂತ ಪಂಚಾಯತುಗಳು ಒಂದೇ ಬಗೆಯಲ್ಲಿ ಹುಟ್ಟಿದರೂ ಒಂದೇ ಬಗೆಯಲ್ಲಿ ಬೆಳೆಯಲಿಲ್ಲ. ಕೇರಳವು 1996ರಲ್ಲಿ ಜನಕೀಯ ಯೋಜನೆಯ ಹೆಸರಿನಲ್ಲಿ ರಾಜ್ಯದ ಯೋಜನಾ ವೆಚ್ಚದ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಲು ನಿರ್ಧರಿಸಿತು. ಆ ‘ಬಹುದು’ ಎಂಬ ಪದವನ್ನು ಕೇರಳ ಧಾರಾಳವಾಗಿ ಓದಿತೆಂಬುದನ್ನು, ಭಾಷೆಯ ವಿಷಯದಲ್ಲಿ ಎಷ್ಟೇ ತಕರಾರಿದ್ದರೂ, ನಾವು ಒಪ್ಪಬೇಕು.

ಹಕ್ಕಿನ ಹಿಂದೆ ನಿಂತಿರುವ ಸಂಸ್ಥೆಗೂ ಹಲ್ಲಿದೆಯೇ ಎಂದು ನೋಡುವುದು ಇದೇ ಹಂತದ ಕೆಲಸ. 350ಬಿ ವಿಧಿಯು ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿಯನ್ನು ಸೃಷ್ಟಿಸಿದೆ. ಅವರು ತನಿಖೆ ಮಾಡತಕ್ಕದ್ದು, ರಾಷ್ಟ್ರಪತಿಯವರಿಗೆ ವರದಿ ಕೊಡತಕ್ಕದ್ದು. ರಾಷ್ಟ್ರಪತಿಯವರು ಆ ವರದಿಯನ್ನು ಸಂಸತ್ತಿನ ಮುಂದೆ ಇಡಿಸತಕ್ಕದ್ದು. ಎಲ್ಲವೂ ‘ತಕ್ಕದ್ದು’ಗಳೇ, ಆದರೆ ಸರಣಿ ಮೇಜಿನ ಮೇಲೆ ಕೊನೆಗೊಳ್ಳುತ್ತದೆ, ವರದಿಯಂತೆ ಯಾರಾದರೂ ನಡೆದುಕೊಳ್ಳಬೇಕೆಂಬ ಮಾತಿಲ್ಲ. ಇದರ ಪಕ್ಕದಲ್ಲಿ ದಕ್ಷಿಣ ಆಫ್ರಿಕದ 1996ರ ಸಂವಿಧಾನದ 9ನೆಯ ಅಧ್ಯಾಯವನ್ನು ಇಟ್ಟು ನೋಡಿ. ಅಲ್ಲಿನ ಸಾರ್ವಜನಿಕ ರಕ್ಷಕ ಎಂಬ ಅಧಿಕಾರಿಗೆ ತನಿಖೆ ಮತ್ತು ವರದಿಯ ಜೊತೆಗೆ ‘ಸೂಕ್ತ ಪರಿಹಾರ ಕ್ರಮ ಕೈಗೊಳ್ಳುವ’ ಅಧಿಕಾರವೂ ಇದೆ. ರಾಷ್ಟ್ರಾಧ್ಯಕ್ಷ ಜೇಕಬ್ ಜುಮಾ ಅವರ ಖಾಸಗಿ ಮನೆಗೆ ಸರಕಾರದ ಹಣ ವ್ಯಯವಾದ ಪ್ರಕರಣದಲ್ಲಿ, ಈ ನಾಲ್ಕು ಪದಗಳನ್ನು ಹಿಡಿದುಕೊಂಡೇ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವು 2016ರಲ್ಲಿ, ಆ ಅಧಿಕಾರಿಯ ಆದೇಶ ಅಧ್ಯಕ್ಷರಿಗೂ ಬದ್ಧ ಎಂದು ತೀರ್ಪಿತ್ತಿತು.

ತಿದ್ದುವ ಕೈ ಯಾರದು

ಎರಡನೆಯ ಹಂತದಲ್ಲಿ ಪುಸ್ತಕದ ಕೊನೆಯ ಕಡೆಗೆ ಹೋಗಿ ತಿದ್ದುಪಡಿಯ ವಿಧಿಯನ್ನು ಓದಿ. ಉಳಿದೆಲ್ಲ ವಿಧಿಗಳ ಆಯುಷ್ಯ ಅದರ ಕೈಯಲ್ಲಿದೆ. ಅಮೆರಿಕದಲ್ಲಿ ತಿದ್ದುಪಡಿಗೆ ಕಾಂಗ್ರೆಸ್ಸಿನ ಎರಡೂ ಸದನಗಳ ಮೂರನೆಯ ಎರಡು ಬಹುಮತ, ಆಮೇಲೆ ನಾಲ್ಕನೆಯ ಮೂರು ಭಾಗ ರಾಜ್ಯಗಳ, ಅಂದರೆ ಇಂದು 50ರಲ್ಲಿ 38 ರಾಜ್ಯಗಳ ಒಪ್ಪಿಗೆ ಬೇಕು. ಇಷ್ಟು ಶತಮಾನಗಳಲ್ಲಿ ಆದದ್ದು 27 ತಿದ್ದುಪಡಿ. ಅವುಗಳಲ್ಲಿ ಕೊನೆಯದು 1789ರಲ್ಲಿ ಮಂಡನೆಯಾಗಿ 1992ರಲ್ಲಿ ದಡ ಸೇರಿತು. ಜಪಾನಿನ ಸಂವಿಧಾನ 1947ರ ಮೇ 3ರಂದು ಜಾರಿಗೆ ಬಂದ ಮೇಲೆ ಒಂದು ಸಲವೂ ತಿದ್ದುಪಡಿಯಾಗಿಲ್ಲ, ಏಕೆಂದರೆ ಅಲ್ಲಿ ಎರಡೂ ಸದನಗಳ ಮೂರನೆಯ ಎರಡು ಬಹುಮತದ ಮೇಲೆ ಜನಮತಗಣನೆಯೂ ಆಗಬೇಕು. ಭಾರತದ 368ನೆಯ ವಿಧಿ ಹೋಲಿಕೆಯಲ್ಲಿ ಸಡಿಲ: ಹೆಚ್ಚಿನ ವಿಷಯಗಳಿಗೆ ಸಂಸತ್ತಿನ ವಿಶೇಷ ಬಹುಮತ ಸಾಕು, ಒಕ್ಕೂಟದ ರಚನೆಗೆ ಸಂಬಂಧಿಸಿದ ಕೆಲವಕ್ಕೆ ಮಾತ್ರ ಅರ್ಧದಷ್ಟು ರಾಜ್ಯಗಳ ಅನುಮೋದನೆ ಬೇಕು. ತಿದ್ದಲು ಕಷ್ಟವಿರುವಲ್ಲಿ ಪಠ್ಯದ ಅರ್ಥವನ್ನು ಹಿಗ್ಗಿಸುವ ಕೆಲಸ ನ್ಯಾಯಾಧೀಶರ ಪಾಲಿಗೆ ಬೀಳುತ್ತದೆ. ತಿದ್ದಲು ಸುಲಭವಿರುವಲ್ಲಿ ಬಹುಮತದ ಸರಕಾರದ ಕೈ ಮೇಲಾಗುತ್ತದೆ, ಆಗ ಅದನ್ನು ತಡೆಯುವವರು ಯಾರು ಎಂಬ ಪ್ರಶ್ನೆ ಏಳುತ್ತದೆ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಕಡೆಯವರೊಬ್ಬರ ಹೆಸರು ಹೊತ್ತ ಮೊಕದ್ದಮೆಯೊಂದರಲ್ಲಿ. ಚೆರ್ಕಳದಿಂದ ಬದಿಯಡ್ಕದ ಕಡೆಗೆ ಹೋಗುವ ದಾರಿಯಲ್ಲಿ ಎಡನೀರು ಮಠವಿದೆ. ಯಕ್ಷಗಾನ, ತಾಳಮದ್ದಳೆಗಳಿಗೆ ಅಲ್ಲಿಗೆ ಹೋಗಿ ಬಂದವರಿಗೆ ಪೀಠಾಧಿಪತಿಗಳಾಗಿದ್ದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರು ಕಲೆಯನ್ನು ಪ್ರೀತಿಸಿದ, ಸ್ವತಃ ಹಾಡುತ್ತಿದ್ದ ಯತಿಗಳಾಗಿ ಪರಿಚಿತರು. ದೇಶದ ಕಾನೂನು ವಿದ್ಯಾರ್ಥಿಗಳಿಗೆ ಅವರು ಒಂದು ತೀರ್ಪಿನ ಹೆಸರು. ಕೇರಳದ ಭೂಸುಧಾರಣಾ ಕಾಯ್ದೆಯಿಂದ ಮಠದ ಭೂಮಿಗೆ ಸಂಚಕಾರ ಬಂದಾಗ ಅವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರವಾಗಿ ಹೆಸರಾಂತ ವಕೀಲ ನಾನಿ ಪಾಲ್ಖಿವಾಲಾ ವಾದಿಸಿದರು. 13 ನ್ಯಾಯಾಧೀಶರ ಪೀಠ 68 ದಿನ ವಾದ ಆಲಿಸಿ, 1973ರ ಏಪ್ರಿಲ್ 24ರಂದು 7–6ರ ಅಂತರದಲ್ಲಿ, ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ತೀರ್ಪಿತ್ತಿತು. ‘ಮೂಲ ಸ್ವರೂಪ’ ಎಂಬ ಮಾತು 368ನೆಯ ವಿಧಿಯಲ್ಲಿ ಎಲ್ಲಿಯೂ ಇಲ್ಲ. ಕೇರಳದ ಆ ಭೂ ಕಾಯ್ದೆಗಳನ್ನು, ಕಾನೂನುಗಳಿಗೆ ನ್ಯಾಯಾಲಯದ ಪ್ರಶ್ನೆಯಿಂದ ರಕ್ಷಣೆ ಕೊಡುವ 9ನೆಯ ಅನುಸೂಚಿಗೆ ಸೇರಿಸಿದ 29ನೆಯ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿದದ್ದರಿಂದ, ಭೂಮಿಯ ವಿಷಯದಲ್ಲಿ ಮಠಕ್ಕೆ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಆದರೆ ಎರಡೇ ವರ್ಷಗಳಲ್ಲಿ, ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಡಲು ಹೊರಟ 39ನೆಯ ತಿದ್ದುಪಡಿಯ ಭಾಗವು ಇದೇ ತತ್ವದ ಮೇಲೆ ಬಿದ್ದುಹೋಯಿತು. 1980ರಲ್ಲಿ, ತನ್ನ ತಿದ್ದುವ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದು ಸಂಸತ್ತು 42ನೆಯ ತಿದ್ದುಪಡಿಯಲ್ಲಿ ಬರೆದುಕೊಂಡಿದ್ದ ವಾಕ್ಯಗಳೂ ಹೋದವು.

ಜರ್ಮನಿಯವರು ಇದನ್ನು ತೀರ್ಪಿಗೆ ಬಿಡದೆ ಪಠ್ಯದಲ್ಲೇ ಬರೆದಿದ್ದಾರೆ. ಮನುಷ್ಯನ ಘನತೆ, ಪ್ರಜಾಪ್ರಭುತ್ವ, ರಾಜ್ಯಗಳಾಗಿ ವಿಭಜಿಸಿಕೊಂಡ ಒಕ್ಕೂಟ ಇವುಗಳಿಗೆ ಸಂಬಂಧಿಸಿದ ತತ್ವಗಳನ್ನು ಯಾವ ಬಹುಮತದಿಂದಲೂ ತಿದ್ದಲಾಗದು ಎನ್ನುತ್ತದೆ ಅವರ 1949ರ ಮೂಲ ಕಾನೂನಿನ (ಅಲ್ಲಿನ ಸಂವಿಧಾನದ ಹೆಸರೇ ಅದು) 79ನೆಯ ವಿಧಿಯ 3ನೆಯ ಖಂಡ. ಎಡನೀರಿನ ತತ್ವವನ್ನು ಬಾಂಗ್ಲಾದೇಶದ ಸುಪ್ರೀಂ ಕೋರ್ಟು 1989ರಲ್ಲಿ ಒಪ್ಪಿಕೊಂಡಿತು. ಕೆನ್ಯಾದ ಸುಪ್ರೀಂ ಕೋರ್ಟು 2022ರಲ್ಲಿ, ತಮ್ಮ ಸಂವಿಧಾನದಲ್ಲಿ ತಿದ್ದುಪಡಿಗೆ ಬೇಕಾದ ಕಟ್ಟುಪಾಡು ಸಾಕಷ್ಟಿರುವುದರಿಂದ ಅದು ಇಲ್ಲಿ ಸಲ್ಲದು ಎಂದು ಬದಿಗಿಟ್ಟಿತು. ಮಠದ ಭೂಮಿಯ ವ್ಯಾಜ್ಯವೊಂದು ನೈರೋಬಿಯ ವಕೀಲರ ಬಾಯಲ್ಲೂ ಬಂದಿತು ಎಂಬುದು ನೆನಪಾದಾಗಲೆಲ್ಲ ನನಗೆ ಸ್ವಲ್ಪ ಹೆಮ್ಮೆ ಎನಿಸುತ್ತದೆ.

ಗಡಿಯ ಗೆರೆ

ಮೂರನೆಯದಾಗಿ, ಒಳಗಿನ ಗಡಿಗಳನ್ನು ಯಾರು ಬದಲಾಯಿಸಬಹುದು ಎಂದು ಹುಡುಕಿ. ಬೆಂಗಳೂರಿನ ಓದುಗರು ಈ ಹಂತವನ್ನು ಹಾರಿಸಿಯಾರು. ಕಾಸರಗೋಡಿನವರಿಗೆ, ಮಹಾರಾಷ್ಟ್ರದ ಜತ್ತಿನವರಿಗೆ, ತಮಿಳುನಾಡಿನ ತಾಳವಾಡಿಯವರಿಗೆ ಅದು ಸಾಧ್ಯವಿಲ್ಲ.

ಭಾರತದ 3ನೆಯ ವಿಧಿ ಇಡೀ ಸಂವಿಧಾನದಲ್ಲೇ ಅತ್ಯಂತ ಚಿಕ್ಕದಾಗಿ ಬರೆದ ಅತ್ಯಂತ ದೊಡ್ಡ ಅಧಿಕಾರಗಳಲ್ಲಿ ಒಂದು. ಸಂಸತ್ತು ಕಾನೂನಿನ ಮೂಲಕ ಹೊಸ ರಾಜ್ಯ ರಚಿಸಬಹುದು, ರಾಜ್ಯದ ಗಡಿಯನ್ನು, ಹೆಸರನ್ನು ಬದಲಾಯಿಸಬಹುದು. ಸಂಬಂಧಪಟ್ಟ ರಾಜ್ಯದ ಶಾಸಕಾಂಗಕ್ಕೆ ಮಸೂದೆಯನ್ನು ಅಭಿಪ್ರಾಯಕ್ಕಾಗಿ ಕಳುಹಿಸಬೇಕು. ಕೇಳುವುದು ಅಭಿಪ್ರಾಯವನ್ನು, ಸಮ್ಮತಿಯನ್ನಲ್ಲ. 1955ರ 5ನೆಯ ತಿದ್ದುಪಡಿ ಆ ಅಭಿಪ್ರಾಯಕ್ಕೂ ಗಡುವು ಹಾಕುವ ಅಧಿಕಾರವನ್ನು ರಾಷ್ಟ್ರಪತಿಯವರಿಗೆ ಕೊಟ್ಟಿತು. ಮರುವರ್ಷವೇ ಬಂದ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಂತೆ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಹಿರಿಯರು ಹೇಳುವ ‘ಅಕ್ಟೋಬರ್ 31ರ ರಾತ್ರಿ ಮಲಗಿದ್ದು ಒಂದು ರಾಜ್ಯದಲ್ಲಿ, ಎದ್ದದ್ದು ಇನ್ನೊಂದರಲ್ಲಿ’ ಎಂಬ ಮಾತಿನ ಹಿಂದಿನ ಕಾನೂನು ಇದೇ. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸುವಂತೆ ಶಿಫಾರಸು ಮಾಡಿತು. ಆಯೋಗದ ಶಿಫಾರಸಿಗೆ ಸಂವಿಧಾನದಲ್ಲಿ ಯಾವ ಬಲವೂ ಇಲ್ಲ. ಗೆರೆ ಬದಲಾಗಬೇಕಾದರೆ ಸಂಸತ್ತು 3ನೆಯ ವಿಧಿಯಡಿ ಕಾನೂನು ಮಾಡಬೇಕು, ಅದು ಆಗಲಿಲ್ಲ. ಇದೇ ವಿಧಿಯ ಇನ್ನೊಂದು ಮುಖ 2014ರಲ್ಲಿ ಕಂಡಿತು: ಆಂಧ್ರಪ್ರದೇಶದ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿದ ಬಳಿಕವೂ ಸಂಸತ್ತು ಅದನ್ನು ಅಂಗೀಕರಿಸಿ ತೆಲಂಗಾಣವನ್ನು ರಚಿಸಿತು. ಬೆಳಗಾವಿಯ ವಿಷಯದಲ್ಲಿ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದ್ದು, ರಾಜ್ಯ–ರಾಜ್ಯಗಳ ವ್ಯಾಜ್ಯವನ್ನು ನೇರವಾಗಿ ಅಲ್ಲಿಗೆ ಒಯ್ಯಲು ಅವಕಾಶ ಕೊಡುವ 131ನೆಯ ವಿಧಿಯ ಬಲದಿಂದ.

ಈಗ ಹೊರಗಿನವರನ್ನು ನೋಡಿ. ಅಮೆರಿಕದ ಸಂವಿಧಾನದ 4ನೆಯ ವಿಧಿಯಂತೆ, ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಸಮ್ಮತಿಯಿಲ್ಲದೆ ಅದರೊಳಗಿಂದ ಹೊಸ ರಾಜ್ಯ ಹುಟ್ಟುವಂತಿಲ್ಲ. ಬೆಲ್ಜಿಯಂ ಇನ್ನೂ ಬಿಗಿ: ಅಲ್ಲಿನ ನಾಲ್ಕು ಭಾಷಾವಲಯಗಳ ಗಡಿಯನ್ನು ಮುಟ್ಟಬೇಕಾದರೆ ಸಂಸತ್ತಿನ ಪ್ರತಿಯೊಂದು ಭಾಷಾ ಗುಂಪಿನಲ್ಲೂ ಬಹುಮತ, ಜೊತೆಗೆ ಒಟ್ಟು ಮತಗಳ ಮೂರನೆಯ ಎರಡರಷ್ಟು ಬೇಕು. ನನಗೆ ಹೆಚ್ಚು ಹಿಡಿಸಿದ್ದು ಸ್ವಿಟ್ಜರ್ಲೆಂಡ್. ಅಲ್ಲಿ ಕ್ಯಾಂಟನ್ನುಗಳ, ಅಂದರೆ ಅಲ್ಲಿನ ರಾಜ್ಯಗಳ, ಗಡಿ ಬದಲಾವಣೆಗೆ ಆ ಪ್ರದೇಶದ ಮತದಾರರ ಮತ್ತು ಸಂಬಂಧಪಟ್ಟ ಕ್ಯಾಂಟನ್ನುಗಳ ಒಪ್ಪಿಗೆ ಬೇಕೆಂದು ಸಂವಿಧಾನದ 53ನೆಯ ವಿಧಿ ಹೇಳುತ್ತದೆ. ಹೆಚ್ಚಾಗಿ ಜರ್ಮನ್ ಮಾತಾಡುವ ಬರ್ನ್ ಕ್ಯಾಂಟನ್ನಿನೊಳಗಿದ್ದ ಫ್ರೆಂಚ್ ಭಾಷಿಕ ಜೂರಾ ಪ್ರದೇಶ, 1974ರಿಂದ ಹಂತಹಂತವಾಗಿ ಮತದಾನ ನಡೆಸಿ, 1978ರಲ್ಲಿ ಇಡೀ ದೇಶದ ಮತದಾರರ ಒಪ್ಪಿಗೆಯನ್ನೂ ಪಡೆದು, 1979ರ ಜನವರಿ 1ರಂದು ಪ್ರತ್ಯೇಕ ಕ್ಯಾಂಟನ್ ಆಯಿತು. ಬರ್ನ್‌ನಲ್ಲೇ ಉಳಿದಿದ್ದ ಮೂಟಿಯೇ ಎಂಬ ಪುಟ್ಟ ಪಟ್ಟಣ 2017ರಲ್ಲಿ ಜೂರಾ ಕಡೆಗೆ ಮತ ಹಾಕಿತು; ಮತದಾನದಲ್ಲಿ ಲೋಪವಿದೆಯೆಂದು ಅದು ರದ್ದಾಯಿತು; 2021ರಲ್ಲಿ ಮತ್ತೆ ಮತ ಹಾಕಿ ಮತ್ತೆ ಅದನ್ನೇ ಹೇಳಿತು. ನಮ್ಮ ಚಂದ್ರಗಿರಿಯ ಎರಡೂ ದಡದವರನ್ನು ಯಾರೂ ಮತಪೆಟ್ಟಿಗೆಯ ಮುಂದೆ ನಿಲ್ಲಿಸಿ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದರು ಎಂಬುದು ಬೇರೆ ಮಾತು, ಕೇಳಬೇಕೆಂಬ ವಿಧಿಯೇ ನಮ್ಮ ಸಂವಿಧಾನದಲ್ಲಿಲ್ಲ.

ಕುರ್ಚಿ, ಬೊಕ್ಕಸ, ತುರ್ತು

ನಾಲ್ಕನೆಯ ಹಂತವನ್ನು ಬೇಗ ಮುಗಿಸಬಹುದು. ಪ್ರತಿಯೊಂದು ದೊಡ್ಡ ಹುದ್ದೆಗೂ ನೇಮಿಸುವವರು ಯಾರು, ಅವಧಿ ಎಷ್ಟು, ಇಳಿಸುವವರು ಯಾರು ಎಂಬ ಮೂರು ಮಾತನ್ನು ಗುರುತು ಹಾಕಿಕೊಳ್ಳಿ. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರದು ಆಜೀವ ಹುದ್ದೆ. ಭಾರತದವರು 65ಕ್ಕೆ ನಿವೃತ್ತರಾಗುತ್ತಾರೆ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯದವರಿಗೆ 12 ವರ್ಷದ ಒಂದೇ ಅವಧಿ. ನಮ್ಮ ಮುಖ್ಯ ಚುನಾವಣಾ ಆಯುಕ್ತರನ್ನು ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಠಿಣ ಕ್ರಮದಿಂದ ಮಾತ್ರ ತೆಗೆಯಬಹುದು, ಆದರೆ ಅವರನ್ನು ನೇಮಿಸುವ ಕ್ರಮವನ್ನು 324ನೆಯ ವಿಧಿ ಸಂಸತ್ತಿನ ಕಾನೂನಿಗೆ ಬಿಟ್ಟಿತು. ಆ ಕಾನೂನು ಬಂದದ್ದು 2023ರಲ್ಲಿ. ಜರ್ಮನಿಯಲ್ಲಿ ಚಾನ್ಸಲರರನ್ನು ಇಳಿಸಬೇಕಾದರೆ ಸಂಸತ್ತು ಅದೇ ಮತದಾನದಲ್ಲಿ ಅವರ ಉತ್ತರಾಧಿಕಾರಿಯನ್ನೂ ಆರಿಸಬೇಕು. ಹಿಟ್ಲರನಿಗೆ ಮುಂಚಿನ ವೈಮಾರ್ ಗಣರಾಜ್ಯದ ಕಾಲದಲ್ಲಿ ಸರಕಾರಗಳು ಒಂದರ ಹಿಂದೊಂದು ಉರುಳಿದ ಅನುಭವದಿಂದ ಬಂದ ಈ ನಿಯಮ ಯಶಸ್ವಿಯಾಗಿ ಬಳಕೆಯಾದದ್ದು 1982ರಲ್ಲಿ ಒಂದೇ ಸಲ.

ಹಣದ ವಿಧಿಗಳನ್ನು ಓದುವಾಗ ಒಂದೇ ಪ್ರಶ್ನೆ ಸಾಕು: ಖರ್ಚಿಗೆ ಸದನದ ಒಪ್ಪಿಗೆ ಸಿಗದಿದ್ದರೆ ಏನಾಗುತ್ತದೆ? ಭಾರತದಲ್ಲಾದರೆ ಸರಕಾರ ಬೀಳುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರು ಕುರ್ಚಿಯಲ್ಲೇ ಇರುತ್ತಾರೆ, ಕಚೇರಿಗಳ ಬಾಗಿಲು ಮುಚ್ಚುತ್ತದೆ. 2018ರ ಡಿಸೆಂಬರಿನಿಂದ 2019ರ ಜನವರಿಯವರೆಗೆ ಹಾಗೆ 35 ದಿನ ಮುಚ್ಚಿತ್ತು.

ತುರ್ತು ಪರಿಸ್ಥಿತಿಯ ವಿಧಿಗಳಿಗೆ ಮಾತ್ರ ಒಂದಿಡೀ ಸಂಜೆಯನ್ನು ಮೀಸಲಿಡಿ. ವೈಮಾರ್ ಸಂವಿಧಾನದ 48ನೆಯ ವಿಧಿಯು ಅಧ್ಯಕ್ಷರಿಗೆ ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಡುವ ಅಧಿಕಾರ ಕೊಟ್ಟಿತ್ತು. 1933ರ ಫೆಬ್ರವರಿ 28ರಂದು ಅದನ್ನು ಬಳಸಿದ ಮೇಲೆ ಆ ಹಕ್ಕುಗಳು ಹಿಂದಿರುಗಲಿಲ್ಲ. ನಮ್ಮ 352ನೆಯ ವಿಧಿಯಲ್ಲಿ ಮೊದಲು ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಪದವಿತ್ತು, 1975ರ ಜೂನ್ 25ರ ಘೋಷಣೆ ಅದರ ಮೇಲೆಯೇ ನಿಂತಿತು. 1978ರ 44ನೆಯ ತಿದ್ದುಪಡಿ ಅದನ್ನು ‘ಸಶಸ್ತ್ರ ಬಂಡಾಯ’ ಎಂದು ಬಿಗಿಗೊಳಿಸಿತು, ಸಚಿವ ಸಂಪುಟದ ಲಿಖಿತ ಸಲಹೆಯನ್ನು ಕಡ್ಡಾಯ ಮಾಡಿತು, 20 ಮತ್ತು 21ನೆಯ ವಿಧಿಗಳ ಹಕ್ಕುಗಳನ್ನು ತುರ್ತಿನಲ್ಲೂ ಮುಟ್ಟುವಂತಿಲ್ಲ ಎಂದಿತು. ರಾಜ್ಯ ಸರಕಾರಗಳನ್ನು ವಜಾ ಮಾಡುವ 356ನೆಯ ವಿಧಿಯನ್ನು ಕಾಸರಗೋಡಿನವರು ಎರಡು ಕಡೆಯಿಂದ ಓದಬಹುದು. ಈಗ ನಮ್ಮ ಜಿಲ್ಲೆಯಲ್ಲಿರುವ ನೀಲೇಶ್ವರದಿಂದಲೇ 1957ರಲ್ಲಿ ಆಯ್ಕೆಯಾಗಿ ಮುಖ್ಯಮಂತ್ರಿಯಾದ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರಕಾರ 1959ರ ಜುಲೈ 31ರಂದು ಇದರಡಿ ವಜಾ ಆಯಿತು. ಅತ್ತ ಕರ್ನಾಟಕದಲ್ಲಿ 1989ರಲ್ಲಿ ವಜಾಗೊಂಡ ಎಸ್.ಆರ್. ಬೊಮ್ಮಾಯಿ ಹೂಡಿದ ಮೊಕದ್ದಮೆಯಲ್ಲಿ 9 ನ್ಯಾಯಾಧೀಶರ ಪೀಠವು 1994ರಲ್ಲಿ, ಬಹುಮತವಿದೆಯೇ ಇಲ್ಲವೇ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು, ರಾಜಭವನದಲ್ಲಲ್ಲ ಎಂದು ಹೇಳಿ ಆ ವಿಧಿಗೆ ಕಡಿವಾಣ ಹಾಕಿತು.

ಪಠ್ಯದಲ್ಲಿ ಇಲ್ಲದ್ದು

ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಒಂದೇ ಇದ್ದರೂ ಅರ್ಥಧಾರಿ ಬದಲಾದಂತೆ ಕೃಷ್ಣನ ವಾದವೇ ಬದಲಾಗುತ್ತದೆ. ಸಂವಿಧಾನಕ್ಕೂ ಅರ್ಥಧಾರಿಗಳಿದ್ದಾರೆ. ಸೋವಿಯತ್ ಒಕ್ಕೂಟದ 1936ರ ಸಂವಿಧಾನದ 125ನೆಯ ವಿಧಿ ವಾಕ್‌ಸ್ವಾತಂತ್ರ್ಯವನ್ನೂ ಪತ್ರಿಕಾ ಸ್ವಾತಂತ್ರ್ಯವನ್ನೂ ಕೊಟ್ಟಿತ್ತು. ಅದನ್ನು ಕೋರ್ಟಿನಲ್ಲಿ ಕೇಳುವ ದಾರಿ ಇರಲಿಲ್ಲ. ಬ್ರಿಟನ್ನಿನಲ್ಲಿ ಒಂದೇ ಪುಸ್ತಕವಾಗಿ ಬರೆದಿಟ್ಟ ಸಂವಿಧಾನವೇ ಇಲ್ಲ. ಕಾಯ್ದೆಗಳು, ತೀರ್ಪುಗಳು ಮತ್ತು ರೂಢಿಗಳ ಮೇಲೆ ಸರಕಾರ ನಡೆಯುತ್ತದೆ. ಆದ್ದರಿಂದ ಯಾವ ವಿಧಿಯನ್ನು ಓದಿದರೂ ಅದರ ಮೇಲೆ ಬಂದ ಒಂದಾದರೂ ತೀರ್ಪನ್ನು, ಅದರಡಿ ಬಂದ ಕಾಯ್ದೆಯನ್ನು ಜೊತೆಗೆ ಓದಿ.

ಇದಕ್ಕೆ ಒಳ್ಳೆಯ ಪಾಠ ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಾಯುವ 21ನೆಯ ವಿಧಿ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾಯರು 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಆಗ ನಮ್ಮದೂ ಅವರದೂ ಒಂದೇ ಜಿಲ್ಲೆ. ಹಲವು ದೇಶಗಳ ಸಂವಿಧಾನಗಳಿಂದ ಪೂರ್ವನಿದರ್ಶನಗಳನ್ನು ಆಯ್ದು ಸದಸ್ಯರಿಗೆ ಹಂಚಿದವರು ಅವರೇ. ಅಮೆರಿಕಕ್ಕೆ ಹೋದಾಗ ಅಲ್ಲಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರು, ‘ನ್ಯಾಯೋಚಿತ ಪ್ರಕ್ರಿಯೆ’ ಎಂಬ ಅಮೆರಿಕದ ಮಾತು ನ್ಯಾಯಾಧೀಶರ ಕೈಗೆ ಅತಿಯಾದ ಅಧಿಕಾರ ಕೊಡುತ್ತದೆ ಎಂದು ಎಚ್ಚರಿಸಿದರು. ಕೊನೆಗೆ 21ನೆಯ ವಿಧಿಯಲ್ಲಿ ‘ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ’ ಎಂಬ ಮಾತು ಕುಳಿತಿತು. ಆದರೆ 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆ ಪ್ರಕ್ರಿಯೆ ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದು ಹೇಳಿ, ರಾಯರು ಬಾಗಿಲಾಚೆ ನಿಲ್ಲಿಸಿದ ಅರ್ಥವನ್ನು ಕಿಟಕಿಯಿಂದ ಒಳಗೆ ಕರೆದುಕೊಂಡಿತು.

ಮತ್ತೆ ಅರ್ಜಿಗೆ

ಈ ಕ್ರಮದಿಂದ ನನ್ನ ಅರ್ಜಿಗೆ ಏನಾಯಿತು ಎಂದರೆ, 350ನೆಯ ವಿಧಿಯ ಅಂಚಿನಲ್ಲಿ ಹಾಕಿದ ಸೊನ್ನೆಯನ್ನು ತುಂಬುವ ಕಾಯ್ದೆಯನ್ನು ಹುಡುಕಿದೆ. ರಾಜ್ಯದ ಅಧಿಕೃತ ಭಾಷೆಯನ್ನು ನಿರ್ಧರಿಸುವ ಅಧಿಕಾರವನ್ನು 345ನೆಯ ವಿಧಿ ರಾಜ್ಯ ಶಾಸಕಾಂಗಕ್ಕೆ ಕೊಟ್ಟಿದೆ. ಆ ಅಧಿಕಾರದಿಂದ ಬಂದ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟ್, ಇಲಾಖಾ ಮುಖ್ಯಸ್ಥರು ಹಾಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದೆಂದೂ, ಉತ್ತರವೂ ಅದೇ ಭಾಷೆಯಲ್ಲಿ ಇರತಕ್ಕದ್ದೆಂದೂ ಹೇಳಿತ್ತು. ಮೊದಲಿನದು ನಮಗೆ ಬಿಟ್ಟ ‘ಬಹುದು’, ಎರಡನೆಯದು ಕಚೇರಿಗೆ ಹಾಕಿದ ‘ತಕ್ಕದ್ದು’.

ನೀವೂ ಬರೆಯುವುದಾದರೆ ಹೀಗೆ ಮಾಡಿ. ಭಾಷಾ ಕಾಯ್ದೆಗಳು ಆಗಾಗ ತಿದ್ದುಪಡಿಯಾಗುತ್ತವೆ, ಆದ್ದರಿಂದ ಬರೆಯುವ ದಿನ ಜಾರಿಯಲ್ಲಿರುವ ಪಠ್ಯವನ್ನೇ ನೋಡಿ. ಅರ್ಜಿಯ ಮೊದಲ ಸಾಲಿನಲ್ಲಿ 350ನೆಯ ವಿಧಿಯನ್ನೂ, ಉತ್ತರದ ಭಾಷೆಯನ್ನು ಹೇಳುವ ರಾಜ್ಯ ಕಾಯ್ದೆಯ ಕಲಮನ್ನೂ ನಮೂದಿಸಿ. ‘ದಯವಿಟ್ಟು ಕನ್ನಡದಲ್ಲಿ ಉತ್ತರಿಸಬೇಕಾಗಿ ವಿನಂತಿ’ ಎಂದು ಬರೆಯಬೇಡಿ. ‘ಸದರಿ ಕಲಮಿನ ಪ್ರಕಾರ ಉತ್ತರವು ಕನ್ನಡದಲ್ಲಿರತಕ್ಕದ್ದು’ ಎಂದು ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು, ತಾರೀಕು ಮತ್ತು ಟಪಾಲು ಸಂಖ್ಯೆಯನ್ನು ಹಾಕಿಸಿಕೊಂಡು ಮನೆಗೆ ತನ್ನಿ. ನನ್ನ ಎರಡನೆಯ ಅರ್ಜಿಗೆ ಐದು ವಾರಗಳ ನಂತರ ಕನ್ನಡದಲ್ಲಿ ಉತ್ತರ ಬಂತು. ಕೈಬರಹದಲ್ಲಿತ್ತು, ‘ಭೂಕಂದಾಯ’ ಎಂಬ ಪದದಲ್ಲಿ ಒಂದು ಒತ್ತು ತಪ್ಪಿತ್ತು, ಕೆಳಗೆ ಸಹಿಯೂ ಮೊಹರೂ ಇದ್ದವು. ಅದನ್ನು ಪಟ್ಟೆಯ ಕಾಗದಗಳ ಜೊತೆಗೇ ಇಟ್ಟುಕೊಂಡಿದ್ದೇನೆ.